ಪಾಠ ಕೇಳಿಸಿಕೊಂಡ ಅಡುಗೆ ಅಕ್ಕ

ಕಳೆದ ವಾರ ಪುತ್ತೂರಿನಲ್ಲಿ ಬಸ್ಸಿಳಿದಾಗ ಪಕ್ಕದ ಬೇಕರಿಯಿಂದ ಬಿಸಿ ಬ್ರೆಡ್ಡಿನ ಪರಿಮಳ ಬಂತು. ನಾನೀಗ ಕಡಬದ ಕಡೆ ಒಂದು ಶಾಲೆಯಲ್ಲಿ ಟೀಚರ್. ಮರುದಿನ ಒಂಬತ್ತನೆಯವರಿಗೆ ಫ್ರಾನ್ಸಿನ ಕ್ರಾಂತಿಯ ಪಾಠ ಮಾಡಬೇಕಿತ್ತು. ಬ್ರೆಡ್ಡು, ಫ್ರಾನ್ಸು... ಆಗ ನೆನಪಾದದ್ದು ಯಾವ ರಾಜನೂ ಅಲ್ಲ, ಸುಳ್ಯದ ಆಚೆ ಕೇರಳದ ಗಡಿಯ ಹತ್ತಿರ ನಾನು ಓದಿದ ಹೈಸ್ಕೂಲಿನ ಅಡುಗೆ ಅಕ್ಕ.

ಅವರು ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವರು. ನಮಗೆ ಬಿಸಿಯೂಟ ಮಾಡುತ್ತಿದ್ದರು. ನಮ್ಮ ಕ್ಲಾಸಿನ ಹೊರಗಿನ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಆರಿಸಿ ಮುಗಿದರೂ ಪಾಠ ಮುಗಿಯದೆ ಏಳುತ್ತಿರಲಿಲ್ಲ.

ಒಂದು ದಿನ ಚರಿತ್ರೆಯ ಮಾಸ್ಟ್ರು ಫ್ರಾನ್ಸಿನಲ್ಲಿ ಕ್ರಾಂತಿಗೆ ಹದಿನಾಲ್ಕು ವರ್ಷ ಮೊದಲು ನಡೆದ ಗಲಭೆಯ ಕಥೆ ಹೇಳಿದರು. ಬೆಳೆ ಕೆಟ್ಟು ಬ್ರೆಡ್ಡಿನ ಬೆಲೆ ಏರಿತ್ತು. ವ್ಯಾಪಾರಿಗಳು ಹಿಟ್ಟು ಬಚ್ಚಿಟ್ಟಿದ್ದಾರೆಂದು ಜನ ಸಿಟ್ಟಾದರು. ಗಂಡಸರು, ಹೆಂಗಸರು ಗಾಡಿಗಳನ್ನು ತಡೆದರು. ಕೆಲವೆಡೆ ಲೂಟಿಯೂ ಆಯಿತು. ಆದರೆ ಎಷ್ಟೋ ಕಡೆ ಅವರೇ ನ್ಯಾಯದ ಬೆಲೆ ಹೇಳಿ, ಅಷ್ಟನ್ನು ವ್ಯಾಪಾರಿಯ ಕೈಗೆ ಕೊಟ್ಟು ಹಿಟ್ಟು ಒಯ್ದರು. ರಾಜ ಸೈನ್ಯ ಕಳುಹಿಸಿದ. ಇಬ್ಬರನ್ನು ಗಲ್ಲಿಗೆ ಹಾಕಿದರು.

ಮಧ್ಯಾಹ್ನ ನನ್ನ ಬಟ್ಟಲಿಗೆ ಸಾಂಬಾರು ಬಡಿಸುತ್ತಾ ಅಕ್ಕ ಕೇಳಿದರು, "ಅವರು ದುಡ್ಡು ಕೊಟ್ಟೇ ತಕ್ಕೊಂಡದ್ದಲ್ವಾ?"

"ಹೌದು ಅಕ್ಕ."

"ಮತ್ತೆ ಗಲ್ಲಿಗೆ ಹಾಕುದು ಎಂತಕ್ಕೆ?"

ಅಕ್ಕ ಮುಂದಿನ ಬಟ್ಟಲಿಗೆ ಬಡಿಸಲು ಹೋದರು.

ಆ ಮಳೆಗಾಲ ನಮ್ಮೂರಿನ ರೇಷನ್ ಅಂಗಡಿಯಲ್ಲಿ ಎರಡು ತಿಂಗಳಿಂದ ಅಕ್ಕಿ ಕೊಟ್ಟಿರಲಿಲ್ಲ. ಕೂಲಿ ಕೆಲಸವೂ ನಿಂತಿತ್ತು. ನಮ್ಮ ಮನೆಯ ಗಂಜಿ ದಿನದಿನಕ್ಕೆ ತೆಳುವಾಗುತ್ತಿತ್ತು. ಅಂಗಡಿಯವರು "ಸ್ಟಾಕ್ ಬರ್ಲಿಲ್ಲ" ಎನ್ನುತ್ತಿದ್ದರು. ಅಕ್ಕಿ ಗಡಿಯಾಚೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಡುವವರು ಇರಲಿಲ್ಲ.

ಒಂದು ಶನಿವಾರ ಶಾಲೆ ಬಿಟ್ಟು ನಾನೂ ಅಕ್ಕನೂ ಬರುವಾಗ ಅಂಗಡಿಯ ಹಿಂದೆ ಪಿಕಪ್ಪಿಗೆ ಮೂಟೆ ಹೇರುತ್ತಿದ್ದರು. ಅಕ್ಕ ಹೋಗಿ ಗಾಡಿಯ ಎದುರು ನಿಂತರು.

"ಓಡು, ಕಾರ್ಡ್ ಹಿಡ್ಕೊಂಡು ಬರ್ಲಿಕ್ಕೆ ನಿನ್ನ ಅಮ್ಮನಿಗೆ ಹೇಳು. ಎಲ್ಲರಿಗೂ ಹೇಳು."

ನಾವು ಬರುವಷ್ಟರಲ್ಲಿ ಮಳೆ ಜೋರಾಗಿತ್ತು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಅಕ್ಕ ಕದಲಿರಲಿಲ್ಲ. ಹೆಂಗಸರೆಲ್ಲ ಸೇರಿದ ಮೇಲೆ ಅಂಗಡಿಯವರಿಗೆ ಹೇಳಿದರು, "ಕಾರ್ಡ್ ಉಂಟು, ದುಡ್ಡು ಉಂಟು, ಅಕ್ಕಿಯೂ ಉಂಟು. ಇನ್ನು ಇಲ್ಲದ್ದು ಎಂತ ಮಾರಾಯ್ರೆ?"

ಮೂಟೆಗಳು ಇಳಿದವು. ಅಂಗಡಿಯ ತಕ್ಕಡಿಯಲ್ಲೇ ಅಕ್ಕಿ ತೂಗಿಸಿದರು, ದುಡ್ಡು ಎಣಿಸಿ ಕೊಟ್ಟು ಅಂಗಡಿಯವರ ಕೈಯಿಂದಲೇ ಕಾರ್ಡಿನಲ್ಲಿ ಬರೆಸಿದರು. ಯಾರೋ ಒಬ್ಬರು ಇಡೀ ಮೂಟೆಯನ್ನೇ ಹೆಗಲಿಗೇರಿಸಿದಾಗ ಅಕ್ಕ ಅದನ್ನು ಹಿಡಿದು ಇಳಿಸಿದರು.

"ಕಾರ್ಡಿಗೆ ಇದ್ದಷ್ಟು ಮಾತ್ರ. ಹೆಚ್ಚು ಹೋದ್ರೆ ನಾವೇ ಕಳ್ಳರು."

ಸೋಮವಾರ ಪೊಲೀಸರು ಶಾಲೆಗೆ ಬಂದರು. ಅಕ್ಕನ ಮೇಲೆ ಅಂಗಡಿಯವರು ಕೊಟ್ಟ ಲೂಟಿಯ ದೂರು. ಮಾಸ್ಟ್ರು ಮುಂದೆ ಬಂದು, ಫ್ರಾನ್ಸಿನ ಆ ಕಥೆ ಹೇಳಿಕೊಟ್ಟದ್ದು ತಾನು, ತಪ್ಪಿದ್ದರೆ ತನ್ನದು ಎಂದರು. ಅಕ್ಕ ಒಪ್ಪಲಿಲ್ಲ.

"ಮಾಸ್ಟ್ರು ಹೇಳಿದ್ದು ಮಕ್ಕಳಿಗೆ. ಕೇಳಿದ್ದು ನಾನು" ಎಂದು ಜೀಪು ಹತ್ತಿದರು. ಸೆರಗಿನಲ್ಲಿ ಅಡುಗೆಯ ಅರಸಿನ ಹಾಗೇ ಇತ್ತು. ಮನುಷ್ಯರ ಬೆನ್ನು ಅಷ್ಟು ನೇರವಾಗಿರಬಹುದೆಂದು ನಾನು ನೋಡಿದ್ದು ಅಂದೇ.

ಅಮ್ಮ ಮತ್ತು ಉಳಿದ ಹೆಂಗಸರು ಕಾರ್ಡು ಹಿಡಿದು ಸುಳ್ಯದ ಸ್ಟೇಷನ್ನಿಗೆ ಹೋದರು. ಎಲ್ಲದರಲ್ಲೂ ಅಂಗಡಿಯವರದೇ ಬರಹ. ದೂರು ಬಿದ್ದುಹೋಯಿತು. ಸಂಜೆಯ ಬಸ್ಸಿನಲ್ಲಿ ಅಕ್ಕನನ್ನು ಕರೆದುಕೊಂಡೇ ಬಂದರು. ಅಂಗಡಿ ಬೇರೆಯವರ ಕೈಗೆ ಹೋಯಿತು, ತಿಂಗಳು ತಿಂಗಳು ಅಕ್ಕಿ ಬಂತು. ಆದರೆ ಜೀಪು ಹತ್ತಿದ ದಿನ ಹೋದ ಅಕ್ಕನ ಕೆಲಸ ಮಾತ್ರ ತಿರುಗಿ ಸಿಗಲಿಲ್ಲ. ಬೀಡಿ ಕಟ್ಟಲು ಕೂತರು.

"ಬೇಜಾರುಂಟಾ ಅಕ್ಕ?" ಎಂದು ಒಮ್ಮೆ ಕೇಳಿದೆ.

"ಪಾಠ ಅರ್ಧಕ್ಕೇ ನಿಂತಿತಲ್ಲ, ಅದೊಂದು."

ಉಳಿದದ್ದನ್ನು ನಾನು ಬಂದು ಹೇಳುತ್ತೇನೆ ಎಂದಿದ್ದೆ. ಮತ್ತೆ ಪಿಯುಸಿ, ಬಿ.ಎಡ್., ಕೆಲಸ... ಹೋಗಲೇ ಇಲ್ಲ. ಕಳೆದ ವರ್ಷ ಅವರು ತೀರಿಹೋದ ಸುದ್ದಿ ನನಗೆ ತಲುಪಿದ್ದು ಹದಿನೈದು ದಿನ ಕಳೆದ ಮೇಲೆ.

ಬೇಕರಿಯ ಮರುದಿನ ಆ ಪಾಠ ಮಾಡುತ್ತಾ ಹಿಟ್ಟಿನ ಗಾಡಿ ತಡೆದವರ ಕಥೆಯನ್ನೂ ಹೇಳಿದೆ. ಒಬ್ಬಳು ಹುಡುಗಿ ಎದ್ದು ನಿಂತು, "ಟೀಚರ್, ಆ ಹೆಂಗಸರ ಹೆಸರು ಎಂತ?" ಎಂದಳು. ಅವರಲ್ಲಿ ಯಾರ ಹೆಸರೂ ನನಗೆ ಗೊತ್ತಿಲ್ಲ ಎಂದೆ. ಆಮೇಲೆ ತಿರುಗಿ ಬೋರ್ಡಿನ ಮೇಲೆ ಅಕ್ಕನ ಹೆಸರು ಬರೆದೆ. ಮಕ್ಕಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡರು.