ಮೊಮ್ಮಗಳ ಮೈಕು

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ದನಿ ನಿರುದ್ಯೋಗಿಯಾಯಿತು. ಮನೆಯಲ್ಲಿ ಬಾಯಿಬಿಟ್ಟರೆ ಕುಕ್ಕರ್ ಕೂಗಿದ್ದು ಕೇಳಿಸುವುದಿಲ್ಲವೆಂದು ಹೆಂಡತಿಯ ಆಕ್ಷೇಪಣೆ. ಅಂಥ ದನಿಗೆ ಅರಸೀಕೆರೆಯ ನಮ್ಮ ಮನೆಯ ಜಗಲಿಯ ಮೇಲೆ ಮರುನೇಮಕ ಕೊಟ್ಟವಳು ಹೈಸ್ಕೂಲು ಓದುವ ಮೊಮ್ಮಗಳು.

ಅವಳು ಮೊಬೈಲಿನಲ್ಲಿ ಯುದ್ಧದ ಆಟ ಆಡುತ್ತಾಳೆ. ಒಂದು ದಿನ ಅದರ ಜಾಹೀರಾತು ತೋರಿಸಿದಳು. ಗಂಡು ಯೋಧರು ಮೂಗಿನ ತುದಿಯವರೆಗೂ ಉಕ್ಕು ಹೊದ್ದಿದ್ದರು. ನಡುವೆ ನಿಂತ ಹೆಣ್ಣಿನ ಪಾಲಿಗೆ ಬರುವಷ್ಟರಲ್ಲಿ ಉಕ್ಕು ಮುಗಿದುಹೋಗಿತ್ತು. ಗುಂಡು ತಗುಲಬಾರದ ಜಾಗಗಳನ್ನೆಲ್ಲ ಗಾಳಿಗೆ ಬಿಟ್ಟಿದ್ದರು. ಆಟದಲ್ಲಿ ಉಡುಪಿಗೆ ‘ಸ್ಕಿನ್’ ಎನ್ನುತ್ತಾರಂತೆ. ಗಂಡಸರಿಗೆ ಅದು ಹೆಸರಿಗಷ್ಟೇ ಚರ್ಮ. ಹೆಂಗಸರಿಗೆ ಅಕ್ಷರಶಃ.

“ಬೇಲೂರಲ್ಲೂ ಹಿಂಗೇ ಅಲ್ವಾ ತಾತ?” ಎಂದಳು.

ನಾನು ಗಂಟಲು ಸರಿಮಾಡಿಕೊಂಡೆ. ಅಲ್ಲಿಯ ಒಬ್ಬ ಮದನಿಕೆಯ ಸೀರೆಯನ್ನು ಕೋತಿಯೊಂದು ಎಳೆಯುತ್ತಿದೆ, ಅದಕ್ಕೆ ಬಾರಿಸಲು ಅವಳು ಕೊಂಬೆ ಎತ್ತಿದ್ದಾಳೆ, ಕೋತಿಯನ್ನು ಕೆತ್ತಿದವನು ಕೊಂಬೆ ಕೊಡುವುದನ್ನು ಮರೆತಿಲ್ಲ ಎಂದು ಉಪನ್ಯಾಸ ಮಾಡಿದೆ.

“ಹಂಗಾದ್ರೆ ನಂಗೂ ಒಂದು ಕೊಂಬೆ ಬೇಕು ತಾತ.”

ವಿಷಯ ಇಷ್ಟು. ಆಡುವಾಗ ತಂಡದವರು ಮೈಕಿನಲ್ಲಿ ಒಬ್ಬರಿಗೊಬ್ಬರು ಮಾತಾಡಬೇಕು. ಹಿಂದಿನ ತಂಡದಲ್ಲಿ ಇವಳು ಬಾಯಿ ತೆರೆದ ಕೂಡಲೇ ಒಬ್ಬ, “ಏ, ಹುಡುಗಿ ಕಣ್ರೋ! ಅಡುಗೆಮನೆಗೆ ಹೋಗವ್ವಾ” ಎಂದನಂತೆ. ಇನ್ನೊಬ್ಬ, “ಒಳ್ಳೇ ಸ್ಕಿನ್ ಕೊಡುಸ್ತೀನಿ, ನಂಬರ್ ಕೊಡು” ಎಂದನಂತೆ. ಅಂದೇ ಆ ತಂಡ ಬಿಟ್ಟು, ಗಂಡುಹೆಸರಿಟ್ಟುಕೊಂಡು ಬೇರೆ ತಂಡ ಸೇರಿದಳು. ಅಲ್ಲಿ ಜಾವಗಲ್, ಮಾದಿಹಳ್ಳಿ, ಹಳೇಬೀಡಿನ ಮೂವರು ಹುಡುಗರು. ಭಾನುವಾರ ಪಂದ್ಯ. ಅದರಲ್ಲಿ ತಂಡ ನಡೆಸುವ ಆಸೆ ಅವಳಿಗೆ. ಬಾಯಿ ಬಿಡುವ ಹಾಗಿಲ್ಲ. ಕೊಂಬೆಯಾಗಿ ನಾನು ನೇಮಕಗೊಂಡೆ.

ಇಯರ್‌ಫೋನಿನ ಒಂದು ಗುಂಡಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ, ಮೈಕು ನನ್ನ ಬಾಯಿಗೆ. “ಮನೆ ಹಿಂದೆ ಒಬ್ಬ ಇದಾನೆ” ಎಂದು ಅವಳು ಪಿಸುಗುಟ್ಟಿದರೆ ನಾನು ಘೋಷಿಸುತ್ತಿದ್ದೆ: “ಗೃಹದ ಹಿಂಭಾಗದಲ್ಲಿ ಶತ್ರುವೊಬ್ಬನು ಅವಿತಿದ್ದಾನೆ. ಜಾಗ್ರತೆ.”

“ಮಗಾ, ಏನ್ ವಾಯ್ಸ್ ಗುರೂ! ಯಮಧರ್ಮರಾಯ ಕೂಗ್ದಂಗೈತೆ!” ಎಂದ ಜಾವಗಲ್ಲಿನವನು. ಮೂವರೂ ಓಡಿದರು. ಮೂವತ್ತು ವರ್ಷ ಪಾಠ ಮಾಡಿದರೂ ಇಂಥ ವಿಧೇಯತೆ ಕಂಡಿರಲಿಲ್ಲ.

“ಅದೇ ಮಾತು ನಾನಂದ್ರೆ ನಗ್ತಾರೆ” ಎಂದಳು ಮೊಮ್ಮಗಳು. ಅವಳು ಮಾತ್ರ ನಗುತ್ತಿರಲಿಲ್ಲ.

ಭಾನುವಾರ ಕೊನೆಯ ಸುತ್ತಿನವರೆಗೂ ಬಂದೆವು. ಶತ್ರುಗಳು ಮೇಲೆ ಬೀಳುತ್ತಿದ್ದರು. “ಎಡಕ್ಕೆ” ಎಂದಳು ಕಿವಿಯಲ್ಲಿ. ನಾನು ಬೆಳೆದ ಹಳ್ಳಿಯಲ್ಲಿ ಎಡ ಬಲವೆಲ್ಲ ನೊಗಕ್ಕೆ ಕಟ್ಟಿದ ಎತ್ತುಗಳಿಗೆ. ಮನುಷ್ಯರಿಗೇನಿದ್ದರೂ ಮೂಡಲು, ಪಡುವಲು. ಗಾಬರಿಯಲ್ಲಿ ಅದೇ ಬಾಯಿಗೆ ಬಂತು. ಉತ್ತರಕ್ಕೆ ಮುಖಮಾಡಿ ಕೂತಿದ್ದ ನಾನು ಲೆಕ್ಕ ಹಾಕಿ ಗರ್ಜಿಸಿದೆ: “ಪಡುವಲಿಗೆ ನುಗ್ಗಿ!”

“ಪಡುವ್ಲು ಯಾವ್ ಕಡೀಕ್ಲಾ?”

“ಸೂರ್ಯ ಮುಳುಗುವ ಕಡೆಗೆ.”

“ಇಲ್ಲಿ ಸೂರ್ಯನೇ ಇಲ್ವಲ್ಲೋ!”

ಮಾದಿಹಳ್ಳಿಯವನು ಮಾತ್ರ ನಂಬಿಗಸ್ತ. ಮೊಬೈಲ್ ಹಿಡಿದು ಕೂತಲ್ಲೇ ಪಡುವಲಿಗೆ ತಿರುಗಿದನಂತೆ. ಅಷ್ಟರಲ್ಲಿ ಆಟದಲ್ಲಿ ಅವನಿಗೆ ಗುಂಡು ಬಿತ್ತು.

ಮೊಮ್ಮಗಳು ಮೈಕು ಕಿತ್ತುಕೊಂಡಳು. “ಎಡಕ್ಕೆ ಕಣ್ರೋ! ಆ ಬಂಡೆ ಹಿಂದಕ್ಕೆ!”

“ಹುಡುಗೀನಾ?” ಎಂದಿತು ಒಂದು ದನಿ.

“ಹೂಂ. ಇಷ್ಟು ದಿನ ಹೇಳ್ತಿದ್ದಿದ್ದೂ ನಾನೇ. ಅದು ನಮ್ಮ ತಾತ, ಬರೀ ಸ್ಪೀಕರ್ರು.”

“ಹಂಗಾರೆ ಅಡುಗೆಮನೆಗೆ...” ಎಂದು ಹಳೇಬೀಡಿನವನು ಶುರುಮಾಡಿದ.

ಸತ್ತಿದ್ದ ಮಾದಿಹಳ್ಳಿಯವನು ಅಲ್ಲಿಂದಲೇ ಗದರಿದ: “ಬಾಯ್ ಮುಚ್ಲಾ! ತಾತನ ಮಾತು ಕೇಳಿ ನಾನ್ ಸತ್ತೋಗಿವ್ನಿ. ಆವಮ್ಮ ಹೇಳಿದ್ ಕಡೀಕ್ ಹೋಗು!”

ಹೋದರು. ಗೆಲ್ಲಲಿಲ್ಲ, ಬಂಡೆಯ ಹಿಂದಿನಿಂದ ಸಾಕಷ್ಟು ಹೊತ್ತು ತಡೆದು ನಿಂತು, ಎರಡನೆಯವರಾದರು.

ಮುಂದಿನ ಭಾನುವಾರ ನಾನು ಗಂಟಲಿಗೆ ಬಿಸಿನೀರು ಕುಡಿದು, ಜಗಲಿಯ ಮೇಲೆ ಸಿದ್ಧನಾಗಿ ಕೂತೆ. ಕಿವಿಯ ಗುಂಡಿಯಲ್ಲಿ ಮಾದಿಹಳ್ಳಿಯವನ ದನಿ ಬಂತು: “ಮೈಕು ನೀನೇ ಇಟ್ಕಳಕ್ಕಾ. ತಾತನ್ನ ಮಾತ್ರ ಕರೀಬ್ಯಾಡ.”

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಗಂಭೀರವಾಗಿ ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಕುಕ್ಕರ್ ಕೂಗು ಎಣಿಸುವ ಹುದ್ದೆ ಖಾಲಿಯಿತ್ತು.