ಗಾಳಿ ಎಂದು ಹೇಳಿದ ಸುಳ್ಳು

ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ನಾನು ಒಂಬತ್ತು ವರ್ಷ ಕ್ಯಾಡಿಯಾಗಿದ್ದೆ. ಆಡುವವರ ಚೀಲ ಹೊರುವುದು, ಚೆಂಡು ಬೀಳಬೇಕಾದ ಕುಳಿ ಎಷ್ಟು ಗಜ ದೂರವಿದೆ, ನೆಲ ಯಾವ ಕಡೆಗೆ ಇಳಿದಿದೆ ಎಂದು ಹೇಳುವುದು ನನ್ನ ಕೆಲಸ. ಮನೆ ಕೊಳ್ಳೇಗಾಲದಲ್ಲೇ ಇತ್ತು. ಹೆಂಡತಿ ರೇಷ್ಮೆ ಸೀರೆ ನೇಯುತ್ತಿದ್ದಳು. ಮಗ್ಗದ ಗುಂಡಿಯಲ್ಲಿ ಕೂರಲು ನನ್ನ ಮೊಣಕಾಲು ಒಗ್ಗಲಿಲ್ಲ. ನಡೆಯುವ ಕೆಲಸ ಒಗ್ಗಿತು.

ಕಡೆಯ ವರ್ಷ ಅಲ್ಲಿ ನಾಲ್ಕು ದಿನದ ದೊಡ್ಡ ಪಂದ್ಯ ನಡೆಯಿತು. ಸ್ಪೇನಿನಿಂದ ಬಂದಿದ್ದ ಆಟಗಾರನೊಬ್ಬನ ಸ್ವಂತ ಕ್ಯಾಡಿ ಹೊಟ್ಟೆ ಕೆಟ್ಟು ಹೋಟೆಲಿನಲ್ಲೇ ಮಲಗಿಬಿಟ್ಟ. ಚೀಲ ನನ್ನ ಹೆಗಲಿಗೆ ಬಂತು. ಆತನಿಗೆ ಮೂವತ್ತರ ಆಸುಪಾಸು, ಉದ್ದ ಆಳು, ಸದಾ ಬಾಳೆಹಣ್ಣು ತಿನ್ನುತ್ತಿದ್ದ. ನನ್ನನ್ನು 'ಅಮಿಗೋ' ಎಂದು ಕರೆಯುತ್ತಿದ್ದ, ಗೆಳೆಯ ಅಂತ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ, ಆದರೂ ಮೂರು ದಿನ ನಮಗೆ ಮಾತಿನ ಕೊರತೆ ಆಗಲಿಲ್ಲ. ಮೂರನೆಯ ಸಂಜೆ ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಆತನ ಹೆಸರಿತ್ತು.

ಕೊನೆಯ ದಿನ ಮೂರು ಕುಳಿ ಬಾಕಿ ಇದ್ದಾಗ ಚೆಂಡು ಕುಳಿಯಿಂದ ಮೂರಡಿ ದೂರ ನಿಂತಿತ್ತು. ಯಾರು ತಳ್ಳಿದರೂ ಬೀಳಬೇಕು. ಕೋಲು ಚೆಂಡಿಗೆ ತಾಗುವ ಹೊತ್ತಿಗೆ ಆತನ ಬಲ ಮಣಿಕಟ್ಟು ಕರೆಂಟ್ ಹೊಡೆದ ಹಾಗೆ ಅದುರಿತು. ಚೆಂಡು ಪಕ್ಕಕ್ಕೆ ಹೋಯಿತು. ಮುಂದಿನ ಕುಳಿಯಲ್ಲೂ ಹಾಗೇ ಆಯಿತು. ಆತ ನನ್ನ ಮುಖ ನೋಡಿ ಕೇಳಿದ: "ಗಾಳಿ ಇತ್ತಾ?"

ಒಂದು ಎಲೆಯೂ ಅಲುಗುತ್ತಿರಲಿಲ್ಲ. "ಹೌದು ಸಾರ್, ಗಾಳಿ" ಎಂದೆ.

ಆತ ನಾಲ್ಕನೆಯವನಾದ. ನನ್ನ ಬೆನ್ನು ತಟ್ಟಿ, ಫೋನ್ ನಂಬರು ಕೊಟ್ಟು, ನನ್ನದನ್ನೂ ಬರೆದುಕೊಂಡು ಹೋದ.

ಅದಾದ ಕೆಲವು ತಿಂಗಳಿಗೆ ಭುಜ ಸೋತು ನಾನು ಊರಿಗೆ ಬಂದುಬಿಟ್ಟೆ. ನೇಕಾರರಿಗೆ ನೂಲು, ಜರಿ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಆತ ಎಲ್ಲಿ ಆಡಿದರೂ ಫೋನಿನಲ್ಲಿ ಅಂಕ ನೋಡುತ್ತಿದ್ದೆ. ವರ್ಷ ಕಳೆದಂತೆ ಹೆಸರು ಪಟ್ಟಿಯಲ್ಲಿ ಕೆಳಕ್ಕೆ ಇಳಿಯಿತು. ಎರಡು ದಿನ ಆದಮೇಲೆ ಹಿಂದುಳಿದವರನ್ನು ಪಂದ್ಯದಿಂದ ಕೈಬಿಡುತ್ತಾರೆ. ಆತ ಆ ಗುಂಪಿನಲ್ಲೇ ಇರುತ್ತಿದ್ದ.

"ನಿಮ್ಮ ಸ್ಪೇನ್ನವ್ರು ಈ ಸತಿ ಎಂಗಾಡುದ್ರು?" ಹೆಂಡತಿ ಮಗ್ಗದಿಂದಲೇ ಕೇಳುವಳು.

"ಎಲ್ಡೇ ದಿನಕ್ಕೆ ಆಚೆಗೋದ್ರು."

"ಒಂದ್ ಮಾತು ಬರ್ದಾಕಿ ಅವ್ರಿಗೆ."

"ಏನಂತ ಬರ್ಯಾದು?"

ನಿಮ್ಮ ಕೈ ಅದುರುತ್ತದೆ, ನಾನು ನೋಡಿದ್ದೇನೆ ಎಂದು ಎಷ್ಟೋ ಸಲ ಟೈಪು ಮಾಡಿ ಅಳಿಸಿದ್ದೇನೆ. ಚೀಲ ಹೊತ್ತವನು ಅಷ್ಟು ದೊಡ್ಡ ಆಟಗಾರನಿಗೆ ಅದನ್ನು ಹೇಳುವುದು ಹೇಗೆ?

ದೊಡ್ಡ ಪಂದ್ಯಗಳಲ್ಲಿ ಆಡಲು ಬೇಕಾದ ಕಾರ್ಡ್ ಆತನ ಕೈತಪ್ಪಿತು. ಅದನ್ನು ಮರಳಿ ಪಡೆಯಲು ಆರು ದಿನದ ಅರ್ಹತಾ ಪಂದ್ಯ ಆಡಬೇಕು. ಅದರ ಕೊನೆಯ ದಿನ ನಾವು ಲೊಕ್ಕನಹಳ್ಳಿಯ ಭಾವಮೈದುನನ ಮನೆಯಲ್ಲಿದ್ದೆವು. ಅಲ್ಲಿ ಸಿಗ್ನಲ್ ಸಿಗಲಿಲ್ಲ. ಸಂಜೆ ಬಸ್ಸು ಹನೂರು ತಲುಪಿದಾಗ ಫೋನಿಗೆ ಜೀವ ಬಂತು. ಆತನಿಗೆ ಒಂದೇ ಕುಳಿ ಉಳಿದಿತ್ತು. ನಾಲ್ಕು ಹೊಡೆತದಲ್ಲಿ ಮುಗಿಸಿದರೆ ಕಾರ್ಡ್ ಸಿಗುತ್ತಿತ್ತು. ಮುಂದೆ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ತೆವಳುತ್ತಿತ್ತು, ಅದರ ಹಿಂದೆ ನಮ್ಮ ಬಸ್ಸು. ನಾನು ಬೆರಳಿನಿಂದ ಪರದೆ ಎಳೆಯುತ್ತಲೇ ಇದ್ದೆ. ಐದು ಎಂದು ಬಂತು.

"ಏನಾಯ್ತು ಅಂತ ಏಳಿ" ಎಂದಳು ಹೆಂಡತಿ.

"ಒಂದೇ ಒಂದು ಏಟ್ಗೆ ಓಯ್ತು ಕಣಮ್ಮಿ."

ಅವಳು ನನ್ನ ಕೈಯಿಂದ ಫೋನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಕೆಲವು ವಾರ ಬಿಟ್ಟು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಆತನ ವಿಡಿಯೊ ಕರೆ ಬಂತು. ಗಡ್ಡ ಬೆಳೆದಿತ್ತು. ಕುಶಲ ಕೇಳಿದಮೇಲೆ ನೇರವಾಗಿ ಅಂದ: "ಅವತ್ತು ಬೆಂಗಳೂರಿನಲ್ಲಿ ಗಾಳಿ ಇತ್ತಾ?"

"ಇರಲಿಲ್ಲ ಸಾರ್."

"ನನ್ನ ಕೈ ನೋಡಿದ್ದೆಯಾ?"

"ನೋಡಿದ್ದೆ."

ನರದ ತೊಂದರೆಯಂತೆ. ಎಲ್ಲರೂ ಮನಸ್ಸಿನ ಭಯ ಎಂದೇ ಹೇಳುತ್ತ ಬಂದಿದ್ದರಂತೆ. ಮೊದಲೇ ಗೊತ್ತಾಗಿದ್ದರೆ ಸರಿಹೋಗುತ್ತಿತ್ತೇ ಎಂದರೆ ವೈದ್ಯರು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲವಂತೆ. ಆತ ಆಟ ಬಿಟ್ಟಿದ್ದ. ತನ್ನ ಊರಿನಲ್ಲಿ ಮಕ್ಕಳಿಗೆ ಗಾಲ್ಫ್ ಕಲಿಸುತ್ತಿದ್ದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಕ್ಷಮೆ ಕೇಳಬಹುದಿತ್ತು.

ಅಷ್ಟರಲ್ಲಿ ಪಕ್ಕದಿಂದ ವಯಸ್ಸಾದ ಹೆಂಗಸೊಬ್ಬರು ಫೋನಿಗೆ ಮುಖ ತಂದರು. ತಾಯಿ ಎಂದ. ಅವರು ಮಗನ ಬಲ ಮಣಿಕಟ್ಟು ಹಿಡಿದು, ನನ್ನನ್ನೇ ದಿಟ್ಟಿಸಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಆತ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ನೋಡಿದ್ದೂ ಯಾಕೆ ಹೇಳಲಿಲ್ಲ ಎಂದೇ ಇರಬೇಕು. ತಾಯಿಗೆ ಕೈ ಮುಗಿದೆ. ಅವರು ಉತ್ತರಕ್ಕಾಗಿ ಇನ್ನೂ ಕಾಯುತ್ತಿದ್ದರು.