ನೂರ ಎಂಬತ್ತಮೂರು ಪಾಸ್‌ವರ್ಡ್‌ಗಳ ಧರ್ಮತಾಯಿ

ನಮ್ಮ ಬೆಟ್ಟದೂರು ಪಂಪಾಕ್ರುಸ್‌ನಲ್ಲಿ ಧರ್ಮತಾಯಿ ಇಲ್ಲದೆ ಯಾವ ಕೆಲಸವೂ ಆಗುವುದಿಲ್ಲ. ಮಗುವಿನ ಜ್ಞಾನಸ್ನಾನಕ್ಕೆ ಒಬ್ಬಳು ಬೇಕು, ಮೊದಲ ಸಲ ಕೂದಲು ಕತ್ತರಿಸುವುದಕ್ಕೆ ಇನ್ನೊಬ್ಬಳು. ಹೊಸ ಮನೆಯ ಸೂರಿಗೆ, ಕೊಂಡ ಲಾರಿಗೆ, ಕೊನೆಗೆ ಮದುವೆಯ ಕೇಕಿಗೂ ಬೇಕು. ಹಾಗಾಗಿ ಚೌಕದ ಮೂಲೆಯಲ್ಲಿ ಎಪಿಫಾನಿಯಾ ಹುಮಾನಿ ಐದು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಅಂಗಡಿ ತೆರೆದಾಗ ಜನ ಈಮೇಲ್ ಅಕೌಂಟಿಗೂ ಧರ್ಮತಾಯಿಯನ್ನು ಹುಡುಕಿದರು. ದೂರ ಹೋಗಬೇಕಾಗಿರಲಿಲ್ಲ, ಅವಳು ಎದುರಿನ ಕುರ್ಚಿಯಲ್ಲೇ ಕುಳಿತಿದ್ದಳು.

ಅಕೌಂಟ್ ತೆರೆದ ದಿನ ಮನೆಯವರು ಬಿಯರ್ ತರುತ್ತಿದ್ದರು. ಮೊದಲ ಗುಟುಕನ್ನು ಭೂತಾಯಿಗೆಂದು ನೆಲಕ್ಕೆ ಚೆಲ್ಲಿ, ಬಣ್ಣದ ಕಾಗದದ ಚೂರುಗಳನ್ನು ಎಪಿಫಾನಿಯಾಳ ತಲೆಯ ಮೇಲೆ ಸುರಿಯುತ್ತಿದ್ದರು. ಭೂತಾಯಿಗೆ ಹೋಗಬೇಕಾದದ್ದು ಎರಡು ಸಲ ಕೀಬೋರ್ಡಿಗೆ ಹೋಯಿತು. ಪಾಸ್‌ವರ್ಡ್ ಇಡುವುದು ಧರ್ಮತಾಯಿಯ ಕೆಲಸ, ಇಟ್ಟವಳೇ ಅದನ್ನು ಜೋಪಾನ ಮಾಡಬೇಕು. ಪಾಸ್‌ವರ್ಡ್ ಮರೆತರೆ ಫೋನಿಗೆ ಆರಂಕಿಯ ಕೋಡ್ ಬರುತ್ತದಲ್ಲ, ಅದಕ್ಕೂ ಎಲ್ಲರೂ ಅವಳ ನಂಬರನ್ನೇ ಕೊಟ್ಟಿದ್ದರು. ಉಳಿದವರು ಕರಾವಳಿಗೆ ಕೂಲಿಗೆ ಇಳಿದಾಗಲೆಲ್ಲ ಬೀದಿಯಲ್ಲಿ ಹೊಸ ಸಿಮ್ ಕೊಂಡು ಹಳೆಯದನ್ನು ಬಿಸಾಡುತ್ತಿದ್ದರು. ಎಪಿಫಾನಿಯಾಳ ನಂಬರು ಮಾತ್ರ ಹನ್ನೊಂದು ವರ್ಷದಿಂದ ಬದಲಾಗಿರಲಿಲ್ಲ.

ನೂರ ಎಂಬತ್ತಮೂರು ಅಕೌಂಟುಗಳು ಒಂದು ಗೆರೆ ಪುಸ್ತಕದಲ್ಲಿದ್ದವು. ಪುಸ್ತಕ ಒಳಕೋಣೆಯಲ್ಲಿ, ಒಣಗಿಸಿದ ಆಲೂಗಡ್ಡೆಯ ಮೂಟೆಯ ತಳದಲ್ಲಿತ್ತು. ಒಬ್ಬರದನ್ನೂ ಅವಳು ತೆರೆದು ಓದಿದವಳಲ್ಲ. ಆ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವೇ ಇತ್ತು, ಮತ್ತು ಆ ಜಂಬಕ್ಕೆ ಅವಳು ಅರ್ಹಳಾಗಿದ್ದಳು.

ಮಾರ್ಚ್ ತಿಂಗಳಲ್ಲಿ ನಿಲ್ದಾ ಊರು ಬಿಟ್ಟು ಹೋದಳು. ಆರು ವರ್ಷದ ಮಗಳು ಲೂಸ್ಮಿಲಾಳನ್ನೂ ಕರೆದುಕೊಂಡು, ಹಾಲಿನ ಲಾರಿ ಹತ್ತಿ ಹೋದಳು. ಗಂಡ ಫ್ರೊಯ್ಲಾನ್ ವ್ಯಾನ್ ಓಡಿಸುವವನು. ಅವನು ಹೊಡೆಯುತ್ತಿದ್ದ, ಹೋದ ವರ್ಷ ಅವಳ ಕೈ ಮುರಿದಿತ್ತು. ಇದು ಊರಿಗೆಲ್ಲ ಗೊತ್ತಿತ್ತು, ಗೊತ್ತಿದ್ದೂ ಊರು ಸುಮ್ಮನಿತ್ತು. ಅಂಥದ್ದರಲ್ಲಿ ನಮ್ಮೂರು ಬಲು ಜಾಣ.

ಲೂಸ್ಮಿಲಾಳಿಗೆ ಜ್ಞಾನಸ್ನಾನದ ಧರ್ಮತಾಯಿ ಎಪಿಫಾನಿಯಾ. ಅದರಿಂದ ಮಗುವಿನ ಅಪ್ಪ ಅಮ್ಮ ಇಬ್ಬರಿಗೂ ಅವಳು ಕೊಮಾದ್ರೆ, ಅಂದರೆ ಜೊತೆತಾಯಿ; ಅವಳಿಗೆ ಫ್ರೊಯ್ಲಾನ್ ಕೊಂಪಾದ್ರೆ, ಜೊತೆತಂದೆ. ಒಡಹುಟ್ಟಿದವರಿಗೆ ಇಲ್ಲ ಅನ್ನಬಹುದು, ಈ ನಂಟಿನವರಿಗೆ ಇಲ್ಲ ಅನ್ನುವಂತಿಲ್ಲ. ನಿಲ್ದಾ ಹೋದ ಹತ್ತನೆಯ ದಿನ ಫ್ರೊಯ್ಲಾನ್ ಒಂದು ಉಂಡೆ ಗಿಣ್ಣು ಹಿಡಿದುಕೊಂಡು ಅಂಗಡಿಗೆ ಬಂದ.

"ಕೊಮಾದ್ರೆ, ಚೆನ್ನಾಗಿದೀರಾ? ಒಂದ್ ಸಣ್ಣ ಕೆಲಸ ಇತ್ತು. ನಿಲ್ದಾ ಅಕೌಂಟಿನ ಪಾಸ್‌ವರ್ಡ್ ಬೇಕಿತ್ತು."

"ಅದು ಅವಳದಲ್ವಾ, ಕೊಂಪಾದ್ರೆ?"

"ಹೆಂಡ್ತೀದು ಅಂದ್ರೆ ನಂದೇ ತಾನೇ. ಅದನ್ನ ತೆಗೆದ್ರೆ ಅವಳ ಫೋನ್ ಎಲ್ಲಿದೆ ಅಂತ ಮ್ಯಾಪಲ್ಲಿ ಕಾಣಿಸುತ್ತಂತೆ. ಹೋಗಿ ಕರ್ಕೊಂಡ್ ಬರ್ತೀನಿ, ಅಷ್ಟೇ."

"ಪುಸ್ತಕ ತಂಗಿ ಮನೇಲಿದೆ. ನಾಳೆ ಬನ್ನಿ."

ಅದು ಸುಳ್ಳು. ಮೂಟೆ ಅವಳ ಬೆನ್ನ ಹಿಂದೆ ಹತ್ತು ಹೆಜ್ಜೆಯಲ್ಲಿತ್ತು. ಅವನು ಗಿಣ್ಣನ್ನು ಮೇಜಿನ ಮೇಲಿಟ್ಟು ಹೋದ. ಎಪಿಫಾನಿಯಾಳಿಗೆ ಭಯವಾಯಿತು. ಫ್ರೊಯ್ಲಾನನಿಗಿಂತ ಹೆಚ್ಚಾಗಿ ತನ್ನ ಪುಸ್ತಕದ ಬಗ್ಗೆಯೇ ಭಯವಾಯಿತು. ಇಷ್ಟು ವರ್ಷ ಅವಳು ಊರನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದಳು. ಈಗ ನೋಡಿದರೆ ಒಬ್ಬ ಹೆಣ್ಣುಮಗಳು ಎಲ್ಲಿ ಮಲಗುತ್ತಾಳೆಂಬುದು ಅವಳ ಆಲೂಗಡ್ಡೆಯ ಕೆಳಗಿತ್ತು.

ಅವಳು ಕೂಡಲೇ ನಿಲ್ದಾಳಿಗೆ ಈಮೇಲ್ ಬರೆದಳು: ಪಾಸ್‌ವರ್ಡ್ ಈಗಲೇ ಬದಲಾಯಿಸು, ಹೊಸದನ್ನು ನನಗೂ ಹೇಳಬೇಡ. ಸಂಜೆಯ ಹೊತ್ತಿಗೆ ಉತ್ತರ ಬಂತು, ಬದಲಾಯಿಸಿದೆ ಅಂತ. ನಂಬಿಕೆ ಸಾಲದೆ ಎಪಿಫಾನಿಯಾ ತನಗೆ ಗೊತ್ತಿದ್ದ ಹಳೆಯದನ್ನು ಒತ್ತಿ ನೋಡಿದಳು. ಅಕೌಂಟ್ ತೆರೆಯಲಿಲ್ಲ. ತಾನೇ ಮಾಡಿಸಿದ ಕೆಲಸವಾದರೂ, ಬಾಗಿಲು ಮುಖಕ್ಕೆ ಹಾಕಿದಂತಾಗಿ ಅವಳಿಗೆ ಕೊಂಚ ನೋವಾಯಿತು.

ಮರುದಿನ ಫ್ರೊಯ್ಲಾನ್ ಬಂದಾಗ ಅವಳು ಹೆದರದೆ ಪುಸ್ತಕ ತಂದು, ಆ ಹಾಳೆಯನ್ನೇ ತೋರಿಸಿದಳು. ಅವನು ತನ್ನ ಫೋನಿನಲ್ಲಿ ಅದನ್ನು ಹಾಕಿದ. ಆಗಲಿಲ್ಲ. ಮತ್ತೆ ಹಾಕಿದ, ಆಗಲಿಲ್ಲ.

"ಬದಲಾಯಿಸಿದಾಳೆ ಅನ್ಸುತ್ತೆ. ನಾನೇನ್ ಮಾಡ್ಲಿ, ಕೊಂಪಾದ್ರೆ," ಎಂದಳು.

ಆದರೆ ಹಗಲೆಲ್ಲ ಫೋನ್ ಹಿಡಿದುಕೊಂಡು ಪ್ರಯಾಣಿಕರಿಗೆ ಕಾಯುವವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ? 'ಪಾಸ್‌ವರ್ಡ್ ಮರೆತಿರಾ' ಎಂಬಲ್ಲಿ ಒತ್ತಿದ. ಎಪಿಫಾನಿಯಾಳ ಲಂಗದ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ನಂಬರನ್ನೂ ಬದಲಾಯಿಸು ಎಂದು ನಿಲ್ದಾಳಿಗೆ ಹೇಳುವುದನ್ನು ಅವಳು ಮರೆತಿದ್ದಳು.

ಫ್ರೊಯ್ಲಾನ್ ನಕ್ಕ. "ನಿಮ್ ನಂಬರಿಗೇ ಬಂತು ನೋಡಿ. ಆ ಆರು ಅಂಕಿ ಹೇಳಿಬಿಡಿ, ಹೋಗ್ತೀನಿ."

ಅವಳು ಫೋನ್ ತೆಗೆದು ಸಂದೇಶವನ್ನು ಅಳಿಸಿದಳು. ಅವನು ಮತ್ತೆ ಒತ್ತಿದ. ಮತ್ತೆ ಬಂತು. ಅವಳು ಮತ್ತೆ ಅಳಿಸಿದಳು.

ಜೆರಾಕ್ಸ್ ಮಾಡಿಸಲು ಬಂದು ನಿಂತಿದ್ದ ಬೇಕರಿಯ ದೋಮಿತಿಲಾಗೆ ತಡೆಯಲಾಗಲಿಲ್ಲ. "ಏನ್ ಎಪಿ, ಮಗು ನೋಡೋಕೆ ತಾನೇ ಕೇಳ್ತಿರೋದು? ಕೊಂಪಾದ್ರೆಗೆ ಇಲ್ಲ ಅಂತಾರಾ ಯಾರಾದ್ರೂ?"

"ನೀನು ಜೆರಾಕ್ಸ್ ತಗೊಂಡು ಹೋಗಮ್ಮ. ಅವಳ ಕೈ ಮುರಿದಾಗಲೂ ನೀನು ಹೀಗೇ ಮಾತಾಡ್ಬೇಕಿತ್ತು."

"ಮುರಿದಿದ್ದಲ್ಲ, ಜಾರಿ ಬಿದ್ದಿದ್ದು," ಎಂದ ಫ್ರೊಯ್ಲಾನ್. ಈಗ ಅವನ ಬಾಯಲ್ಲಿ 'ನೀವು' ಹೋಗಿತ್ತು. "ಫೋನ್ ಇಲ್ಲಿ ಕೊಡು. ನೀನು ಎಷ್ಟು ಅಳಿಸ್ತೀಯೋ ಅಷ್ಟು ಕಳಿಸ್ತೀನಿ. ನಂಗೇನು, ಇಡೀ ದಿನ ಇದೆ."

ಅದು ನಿಜವಾಗಿತ್ತು. ಅವನಿಗೆ ಇಡೀ ದಿನ ಇತ್ತು, ನಾಳೆಯೂ ಇತ್ತು. ಎಪಿಫಾನಿಯಾ ಫೋನಿನ ಹಿಂಬದಿ ಬಿಚ್ಚಿ ಸಿಮ್ ತೆಗೆದಳು. ಪಾಸ್‌ಪೋರ್ಟ್ ಅಳತೆಯ ಫೋಟೋ ಕತ್ತರಿಸುವ ಕತ್ತರಿ ಮೇಜಿನ ಮೇಲಿತ್ತು. ಅದರಿಂದ ಸಿಮ್ಮನ್ನು ಎರಡು ತುಂಡು ಮಾಡಿದಳು, ಸಾಲದೆಂದು ನಾಲ್ಕು ಮಾಡಿದಳು.

ಅವನು ಕೈ ಎತ್ತಿದ. ಆದರೆ ಮಗುವಿನ ಧರ್ಮತಾಯಿಯ ಮೇಲೆ, ಅದೂ ದೋಮಿತಿಲಾಳ ಎದುರು ಕೈ ಮಾಡಿದರೆ ಅವನ ವ್ಯಾನಿಗೆ ಒಂದು ನರಪಿಳ್ಳೆಯೂ ಹತ್ತುವುದಿಲ್ಲ. ಹೆಂಡತಿಯ ವಿಷಯದಲ್ಲಿ ಇಲ್ಲದ ಕಟ್ಟುಪಾಡು ಇಲ್ಲಿತ್ತು. ಅವನು ಕೈ ಇಳಿಸಿ, ಗಿಣ್ಣನ್ನು ವಾಪಸ್ ತೆಗೆದುಕೊಂಡು ಹೋದ. ನಂಬರನ್ನೂ ಬದಲಾಯಿಸು ಎಂದು ಅವಳು ಕೂಡಲೇ ನಿಲ್ದಾಳಿಗೆ ಬರೆದಳು, ಈ ಸಲ ಉತ್ತರ ಬರಲಿಲ್ಲ.

ಆ ಸಿಮ್ಮಿನ ಜೊತೆ ನೂರ ಎಂಬತ್ತೆರಡು ಜನರ ಅಕೌಂಟಿನ ಕೋಡೂ ಹೋಗಿತ್ತು. ಸುದ್ದಿ ಹಬ್ಬಿದ ಮೇಲೆ ಅಂಗಡಿಯ ಮುಂದೆ ಸಾಲು ನಿಂತಿತು, ಬೈಗುಳವೂ ಸಾಲಾಗಿಯೇ ಬಂತು. ಅವಳು ಒಬ್ಬೊಬ್ಬರನ್ನೇ ಕೂರಿಸಿ, ಅವರವರ ನಂಬರು ಹಾಕಿಸಿ, ಪಾಸ್‌ವರ್ಡ್ ಒತ್ತುವಾಗ ತಾನು ಗೋಡೆಯ ಕಡೆ ತಿರುಗಿ ನಿಂತಳು. ಹನ್ನೊಂದು ಅಕೌಂಟುಗಳು ಪಾಸ್‌ವರ್ಡ್ ಹಾಕಿದರೂ ಹಳೆಯ ನಂಬರಿನ ಕೋಡನ್ನೇ ಕೇಳಿ, ತೆರೆಯಲೇ ಇಲ್ಲ. ಅದರಲ್ಲೊಂದು ಮುದುಕ ದೋನ್ ಕಾಸಿಮಿರೋನದು. ಗಣಿಯಲ್ಲಿ ಸತ್ತ ಮಗನ ಫೋಟೋಗಳೆಲ್ಲ ಅದರಲ್ಲಿದ್ದವು. ಅವನು ಬೈಯಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಇಂದಿಗೂ ಅನ್ನಿಸುತ್ತದೆ. ಪೇಟೆಗೆ ಹೋಗಿ ಹೆಬ್ಬೆರಳು ಒತ್ತಿದರೆ ಅದೇ ನಂಬರಿನ ಹೊಸ ಸಿಮ್ ಕೊಡುತ್ತಾರೆಂದು ಅವಳಿಗೆ ಗೊತ್ತಿತ್ತು. ಆ ನಂಬರಿಗೆ ಜೀವ ಬಂದರೆ ನಿಲ್ದಾಳ ಕೋಡೂ ಮತ್ತೆ ಅದಕ್ಕೇ ಬಂದೀತೆಂದು ಹೋಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಕೊಂಪಾದ್ರೆಗೆ ಇಲ್ಲ ಎಂದವಳು ಎಂಬ ಹೆಸರು ಅಂಟಿತು. ಆಮೇಲೆ ಯಾವ ಮಗುವಿಗೂ, ಯಾವ ಸೂರಿಗೂ ಅವಳನ್ನು ಯಾರೂ ಕರೆಯಲಿಲ್ಲ.

ಜುಲೈನಲ್ಲಿ ಒಂದು ದಿನ ಅಂಗಡಿಯ ತಂತಿ ಫೋನ್ ಬಡಿದುಕೊಂಡಿತು.

"ಕೊಮಾದ್ರೆ, ನಾನು ನಿಲ್ದಾ. ನಂಬರೂ ಬದಲಾಯಿಸ್ದೆ, ನೀವು ಬರೆದಿದ್ರಲ್ಲ. ಲೂಸ್ಮಿಲಾನ ಸ್ಕೂಲಿಗೆ ಹಾಕಿದೀನಿ. ನಾವೀಗ ಇರೋದು..."

"ಹೇಳ್ಬೇಡ."

"ನಿಮಗೆ ಕೂಡಾನಾ?"

"ನಂಗೇ ಹೇಳ್ಬೇಡ. ಗೊತ್ತಿದ್ರೆ ಕೇಳ್ತಾರೆ, ಕೇಳ್ತಾನೇ ಇರ್ತಾರೆ. ಮಗು ಸರಿಯಾಗಿ ಊಟ ಮಾಡತ್ತಾ?"

"ಮಾಡತ್ತೆ. ನಿಮ್ಮನ್ನ ಕೇಳ್ತಿರತ್ತೆ."

ನಿಲ್ದಾಳ ಹಿಂದೆ ಬಸ್ಸೊಂದು ಬಂದು ನಿಂತ ಸದ್ದಾಯಿತು. ಕಂಡಕ್ಟರ್ ಒಂದೊಂದಾಗಿ ಊರುಗಳ ಹೆಸರು ಕೂಗತೊಡಗಿದ. ಎಪಿಫಾನಿಯಾ ಫೋನನ್ನು ಕಿವಿಯಿಂದ ತೆಗೆದು ಎದೆಗೆ ಒತ್ತಿ ಹಿಡಿದಳು. ಬಸ್ಸು ಹೋಗಿರಬಹುದು ಅನ್ನಿಸುವಷ್ಟು ಹೊತ್ತು ಹಾಗೇ ನಿಂತಿದ್ದು, ಮತ್ತೆ ಕಿವಿಗಿಟ್ಟುಕೊಂಡಳು. ಅಷ್ಟರಲ್ಲಿ ಆ ಕಡೆ ಮಗು ಬಂದು ಅವಳಿಗೆ ಏನೋ ಹೇಳಿ, ಅಮ್ಮನಿಗೆ ಫೋನ್ ಕೊಟ್ಟು ಹೋಗಿತ್ತು.

"ಕೇಳಿಸ್ತಾ, ಕೊಮಾದ್ರೆ?" ಎಂದಳು ನಿಲ್ದಾ.

"ಕೇಳಿಸ್ತು," ಎಂದಳು ಎಪಿಫಾನಿಯಾ.